ಜಿಪ್ ಒಳಗೆ ಡಿಟಿಎಕ್ಸ್, ಐಎನ್‌ಎಸ್ ಮಾತ್ರ ಇದೆ, ಎಸ್‌ಟಿವೈ ಎಲ್ಲಿ ಹೋಯ್ತು?

ಅರ್ಧಪುಟ

ಥೀಸಿಸ್ ಟೆಂಪ್ಲೇಟಿಗೆ ಲೇಟೆಕ್‌ನ (ಕೋಡಿನ ಹಾಗೆ ಬರೆದು ಪಿಡಿಎಫ್ ಮಾಡಿಕೊಳ್ಳುವ ಅಕ್ಷರಜೋಡಣೆ ತಂತ್ರಾಂಶ) ಒಂದು ಹಳೇ ಪ್ಯಾಕೇಜ್ ಬೇಕು. ಇಂಥ ಪ್ಯಾಕೇಜುಗಳ ಆನ್‌ಲೈನ್ ಭಂಡಾರ ಸಿಟಿಎಎನ್‌ನಿಂದ ಜಿಪ್ ಇಳಿಸಿಕೊಂಡೆ. ಒಳಗಿರುವುದು ರೀಡ್‌ಮಿ, ಒಂದು ಪಿಡಿಎಫ್, ಒಂದು ಡಿಟಿಎಕ್ಸ್, ಒಂದು ಐಎನ್‌ಎಸ್, ಅಷ್ಟೇ. ಲೇಟೆಕ್ ಓದಬೇಕಾದ ಪ್ಯಾಕೇಜ್ ಫೈಲು, ಅಂದರೆ ಎಸ್‌ಟಿವೈ, ಇಲ್ಲವೇ ಇಲ್ಲ. ಡಿಟಿಎಕ್ಸ್ ತೆರೆದು ನೋಡಿದರೆ ಕೋಡ್ ಎಲ್ಲಾ ಅದರಲ್ಲೇ ಕಾಣುತ್ತಿದೆ, ಸರಿ ಇದೇ ಇರಬೇಕು ಅಂತ ಅದರದೊಂದು ಕಾಪಿ ಮಾಡಿ, ಬಾಲವನ್ನು ಎಸ್‌ಟಿವೈ ಅಂತ ಬದಲಾಯಿಸಿ ಥೀಸಿಸ್ ಫೋಲ್ಡರಿಗೆ ಹಾಕಿದೆ. ಈಗ ರನ್ ಮಾಡಿದರೆ ಎರಡು ಡಾಕ್ಯುಮೆಂಟ್‌ಕ್ಲಾಸ್ (ಇದು ಯಾವ ಬಗೆಯ ಡಾಕ್ಯುಮೆಂಟ್ ಅಂತ ಹೇಳುವ ಕಮಾಂಡ್) ಇದೆ ಅಂತ ಎರರ್. ನನ್ನ ಫೈಲಿನಲ್ಲಿ ಇರುವುದು ಒಂದೇ, ಮೂರು ಸಲ ಹುಡುಕಿದ್ದೇನೆ. ಲಿನಕ್ಸ್, ಲೇಟೆಕ್ ಹಾಕಿಕೊಂಡಿದ್ದು ಟೆಕ್ ಲೈವ್ ಕಂತೆಯಿಂದ. ಯಾರಾದರೂ ಸ್ವಲ್ಪ ಹೇಳಿ.

ಬ್ಯಾಕ್‌ಸ್ಲ್ಯಾಷ್

ಮೊದಲು ಟೆಕ್ ಲೈವ್‌ನ ಪ್ಯಾಕೇಜ್ ಮ್ಯಾನೇಜರ್ ಟಿಎಲ್‌ಎಂಜಿಆರ್‌ನಲ್ಲಿ ಇದೆಯಾ ನೋಡಿದ್ರಾ? ಇದ್ದರೆ ಒಂದೇ ಕಮಾಂಡಿನ ಕೆಲಸ, ಈ ಗೋಳೇ ಬೇಡ. ಕೆಲವೊಮ್ಮೆ ಪ್ಯಾಕೇಜಿನ ಹೆಸರೇ ಬೇರೆ, ಎಸ್‌ಟಿವೈ ಹೆಸರೇ ಬೇರೆ ಇರುತ್ತದೆ. ಹಾಗಾಗಿ ಫೈಲಿನ ಹೆಸರು ಕೊಟ್ಟೂ ಹುಡುಕಿ.

ಅರ್ಧಪುಟ

ನೋಡಿದೆ. ಲೈಸೆನ್ಸ್ ತೊಂದರೆಯಿಂದ ಟೆಕ್ ಲೈವ್‌ನಲ್ಲಿ ಸೇರಿಸಿಲ್ಲವಂತೆ. ಕೈಯಾರೆ ಹಾಕಿಕೊಳ್ಳುವುದೇ ಗತಿ.

ಶೇಕಡಾಚಿಹ್ನೆ

ಹಾಗಾದರೆ ಕೇಳಿ. ಡಿಟಿಎಕ್ಸ್ ಅಂದರೆ ಕೋಡ್ ಮತ್ತು ಅದರ ವಿವರಣೆ ಎರಡೂ ಒಂದೇ ಫೈಲಿನಲ್ಲಿ. ವಿವರಣೆಯ ಸಾಲುಗಳೆಲ್ಲ ಶೇಕಡಾ ಚಿಹ್ನೆಯಿಂದ ಶುರುವಾಗುತ್ತವೆ, ಕೋಡಿನ ಸಾಲುಗಳು ಹಾಗಿರುವುದಿಲ್ಲ. ಮಧ್ಯೆ ಮಧ್ಯೆ ಶೇಕಡಾ ಚಿಹ್ನೆ ಹಾಕಿ ಕೋನದ ಬ್ರಾಕೆಟ್ಟಿನಲ್ಲಿ ‘ಪ್ಯಾಕೇಜ್’, ‘ಡ್ರೈವರ್’ ಅಂತೆಲ್ಲ ಬರೆದಿರುವುದು ನಿಮಗೂ ಕಂಡಿರಬೇಕು. ಈ ತುಂಡು ಎಲ್ಲಿಗೆ ಸೇರಬೇಕು ಅಂತ ಹಾಕಿದ ಗುರುತು ಅದು.

ನಿಮಗೆ ಸಿಕ್ಕ ಎರಡನೇ ಡಾಕ್ಯುಮೆಂಟ್‌ಕ್ಲಾಸ್ ಆ ‘ಡ್ರೈವರ್’ ತುಂಡಿನಲ್ಲಿದೆ. ಕೈಪಿಡಿಯ ಪಿಡಿಎಫ್ ಮಾಡಲು ಇಟ್ಟಿದ್ದು ಅದು, ಸಾಮಾನ್ಯವಾಗಿ ಎಲ್‌ಟಿಎಕ್ಸ್‌ಡಾಕ್ ಅನ್ನೋ ಕ್ಲಾಸನ್ನು ಕರೆಯುತ್ತದೆ. ನೀವು ಬರೀ ಹೆಸರು ಬದಲಾಯಿಸಿದ್ದರಿಂದ ಗುರುತುಗಳೆಲ್ಲ ಸುಮ್ನೆ ಕಾಮೆಂಟ್ ಆದವು, ಡ್ರೈವರ್ ತುಂಡೂ ಓಡಿತು. ಲೇಟೆಕ್ ಹೇಳಿದ್ದು ಸರಿಯಾಗೇ ಇದೆ ಅಲ್ವಾ, ನೀವು ಹುಡುಕಿದ ಫೈಲು ಬೇರೆ ಅಷ್ಟೇ.

ಈಗ ಮಾಡಬೇಕಾದದ್ದು: ಜಿಪ್ ಬಿಚ್ಚಿದ ಫೋಲ್ಡರಿಗೆ ಹೋಗಿ ಐಎನ್‌ಎಸ್ ಫೈಲಿನ ಮೇಲೆ ಲೇಟೆಕ್ ಓಡಿಸಿ, ಡಿಟಿಎಕ್ಸ್ ಮೇಲೆ ಅಲ್ಲ. ಐಎನ್‌ಎಸ್ ಒಳಗೆ ಡಾಕ್‌ಸ್ಟ್ರಿಪ್ ಅನ್ನೋ ಪ್ರೋಗ್ರಾಮಿಗೆ ಕೊಟ್ಟ ಸೂಚನೆಗಳಿರುತ್ತವೆ, ಯಾವ ತುಂಡಿನಿಂದ ಯಾವ ಫೈಲು ಮಾಡಬೇಕು ಅಂತ. ಅದು ವಿವರಣೆಯನ್ನೆಲ್ಲ ಕಿತ್ತುಹಾಕಿ ಎಸ್‌ಟಿವೈ ಬರೆದುಕೊಡುತ್ತದೆ, ಸಿಎಲ್‌ಎಸ್ (ಕ್ಲಾಸ್ ಫೈಲು) ಇದ್ದರೆ ಅದನ್ನೂ. ಹಿಂದೆ ಕಂಪ್ಯೂಟರುಗಳು ನಿಧಾನವಿದ್ದಾಗ ಪ್ರತಿ ಸಲ ಅಷ್ಟು ಕಾಮೆಂಟ್ ಓದುವುದೇ ದೊಡ್ಡ ಹೊರೆ, ಅದಕ್ಕೇ ಈ ಏರ್ಪಾಡು. ಕೆಲವು ಪ್ಯಾಕೇಜಲ್ಲಿ ಐಎನ್‌ಎಸ್ ಇರುವುದೇ ಇಲ್ಲ, ಅಲ್ಲಿ ಡಿಟಿಎಕ್ಸ್ ಮೇಲೇ ಓಡಿಸಬೇಕು, ರೀಡ್‌ಮಿಯಲ್ಲಿ ಹೇಳಿರುತ್ತಾರೆ. ಯಾರೂ ಓದಲ್ಲ ಅದನ್ನ, ಅದು ಬೇರೆ ಮಾತು.

ಅರ್ಧಪುಟ

ಓಡಿಸಿದೆ, ಎಸ್‌ಟಿವೈ ಬಂತು! ಹೋಮ್ ಒಳಗೆ, ಕೈಯಾರೆ ಹಾಕುವ ಪ್ಯಾಕೇಜುಗಳಿಗೆ ಟೆಕ್‌ಎಂಎಫ್ ಅಂತ ಫೋಲ್ಡರ್ ಮಾಡಿ ಅದರಲ್ಲಿ ಇಟ್ಟೆ, ಫೈಲುಗಳ ಪಟ್ಟಿಯನ್ನು ಹೊಸದು ಮಾಡುವ ಟೆಕ್‌ಹ್ಯಾಶ್ ಕಮಾಂಡ್ ಕೂಡ ಓಡಿಸಿದೆ. ಎರರ್ ಮಾತ್ರ ಅದೇ.

ಬ್ಯಾಕ್‌ಸ್ಲ್ಯಾಷ್

ನೇರ ಟೆಕ್‌ಎಂಎಫ್ ಒಳಗೆ ಹಾಕಿದರೆ ಅದು ಅಲ್ಲಿ ನೋಡುವುದೇ ಇಲ್ಲ. ಅದರೊಳಗೆ ‘ಟೆಕ್’, ಅದರೊಳಗೆ ‘ಲೇಟೆಕ್’, ಅದರೊಳಗೆ ಪ್ಯಾಕೇಜಿನ ಹೆಸರಲ್ಲೊಂದು ಫೋಲ್ಡರ್ ಮಾಡಿ, ಅಲ್ಲಿ ಎಸ್‌ಟಿವೈ ಇಡಿ. ಕೈಪಿಡಿ ಬೇಕಿದ್ದರೆ ‘ಡಾಕ್’ ಕೆಳಗೆ, ಡಿಟಿಎಕ್ಸ್ ಐಎನ್‌ಎಸ್ ಎರಡೂ ‘ಸೋರ್ಸ್’ ಕೆಳಗೆ. ಮ್ಯಾಕ್ ಆದರೆ ಟೆಕ್‌ಎಂಎಫ್ ಇರುವುದು ಹೋಮ್‌ನ ಲೈಬ್ರರಿ ಒಳಗೆ. ಈ ಜಾಗಕ್ಕೆ ಟೆಕ್‌ಹ್ಯಾಶ್ ಬೇಕಿಲ್ಲ. ಎಲ್ಲ ಯೂಸರುಗಳಿಗೂ ಅಂತ ಟೆಕ್‌ಎಂಎಫ್-ಲೋಕಲ್‌ನಲ್ಲಿ ಹಾಕಿದರೆ ಮಾತ್ರ ಬೇಕು.

ಶೇಕಡಾಚಿಹ್ನೆ

ಒಂದು ನಿಮಿಷ. ಜಾಗ ತಪ್ಪು ಅನ್ನೋದು ನಿಜ, ಆದರೆ ಬರೀ ಅಷ್ಟೇ ಆಗಿದ್ದರೆ ‘ಫೈಲ್ ಸಿಗಲಿಲ್ಲ’ ಅನ್ನಬೇಕಿತ್ತು. ಅದೇ ಎರರ್ ಬರುತ್ತಿದೆ ಅಂದರೆ ನಿಮ್ಮ ಹಳೇ ನಕಲಿ ಎಸ್‌ಟಿವೈ ಇನ್ನೂ ಥೀಸಿಸ್ ಫೋಲ್ಡರಿನಲ್ಲೇ ಕೂತಿದೆ. ಲೇಟೆಕ್ ಮೊದಲು ನೋಡುವುದು ತಾನಿರುವ ಫೋಲ್ಡರ್, ಉಳಿದದ್ದೆಲ್ಲ ಆಮೇಲೆ. ಲಾಗ್ ಫೈಲಿನಲ್ಲಿ ಆ ಹೆಸರು ಹುಡುಕಿ. ಅದರ ಹಿಂದೆ ಒಂದು ಚುಕ್ಕೆ, ಒಂದು ಓರೆಗೆರೆ ಇದ್ದರೆ ಎತ್ತಿಕೊಂಡಿದ್ದು ಪಕ್ಕದಲ್ಲಿರುವ ನಕಲಿಯನ್ನೇ. ಅಳಿಸಿ, ಆಮೇಲೆ ಬೇರೆ ಫೋಲ್ಡರಿನಿಂದ, ಫೈಲು ಎಲ್ಲಿದೆ ಅಂತ ಹೇಳುವ ಕೆಪಿಎಸ್‌ಇವಿಚ್ ಕಮಾಂಡಿಗೆ ಎಸ್‌ಟಿವೈ ಹೆಸರು ಕೊಟ್ಟು ನೋಡಿ, ಟೆಕ್‌ಎಂಎಫ್‌ನ ದಾರಿ ಪೂರ್ತಿ ತೋರಿಸಬೇಕು.

ಅಂಚುಟಿಪ್ಪಣಿ

ಇದೇ ತರಹದ್ದು ನನಗೂ ಆಗಿತ್ತು, ಬೇರೆ ದಿಕ್ಕಿನಿಂದ. ಯಾವಾಗಲೋ ಒಂದು ಪ್ಯಾಕೇಜನ್ನು ಹೋಮ್‌ನ ಟೆಕ್‌ಎಂಎಫ್‌ಗೆ ಹಾಕಿ ಮರೆತಿದ್ದೆ. ಮುಂದೆ ಟೆಕ್ ಲೈವ್‌ನಲ್ಲಿ ಅದರ ಹೊಸ ಆವೃತ್ತಿ ಬಂತು, ಅಪ್‌ಡೇಟೂ ಮಾಡಿದೆ, ಆದರೂ ಕೈಪಿಡಿಯಲ್ಲಿದ್ದ ಆಪ್ಷನ್ ಯಾವುದೂ ಕೆಲಸ ಮಾಡುತ್ತಿಲ್ಲ. ಒಂದಿಡೀ ಸಂಜೆ ಕೈಪಿಡಿ ಬರೆದವರನ್ನೇ ಬೈದುಕೊಂಡೆ. ಹೋಮ್‌ನಲ್ಲಿರುವುದೇ ಮೊದಲು ಸಿಗುತ್ತದೆ ಅಂತ ಆಮೇಲೆ ಹೊಳೀತು. ಈಗ ಕೈಯಾರೆ ಹಾಕಿದ್ದರ ಪಟ್ಟಿಯನ್ನು ಆ ಫೋಲ್ಡರಿನಲ್ಲೇ ಒಂದು ಟೆಕ್ಸ್ಟ್ ಫೈಲಲ್ಲಿ ಬರೆದಿಡುತ್ತೇನೆ.

ಇನ್ನೊಂದು, ಸಿಟಿಎಎನ್ ಪುಟದಲ್ಲಿ ಕೆಲವು ಪ್ಯಾಕೇಜಿಗೆ ಟಿಡಿಎಸ್ ಜಿಪ್ ಅಂತ ಬೇರೆ ಇರುತ್ತದೆ. ಅದರಲ್ಲಿ ಫೋಲ್ಡರುಗಳೆಲ್ಲ ಮೊದಲೇ ಸರಿಯಾಗಿ ಜೋಡಿಸಿರುತ್ತಾರೆ, ಟೆಕ್‌ಎಂಎಫ್ ಒಳಗೆ ಬಿಚ್ಚಿದರೆ ಮುಗೀತು.

ಅರ್ಧಪುಟ

ಲಾಗ್‌ನಲ್ಲಿ ಚುಕ್ಕೆ, ಓರೆಗೆರೆ ಎರಡೂ ಇದ್ದವು. ನಕಲಿ ಅಳಿಸಿ ಅಸಲಿಯನ್ನು ಸರಿಯಾದ ಜಾಗಕ್ಕೆ ಹಾಕಿದೆ, ಪಿಡಿಎಫ್ ಬಂತು. ಇನ್ನು ಉಳಿದಿರುವುದು ಥೀಸಿಸ್ ಬರೆಯುವುದೊಂದೇ.