ಒಬ್ಬನೇ ಹುಡುಗ, ಮೂರು ತಪ್ಪು: ಸಂಬಳ ಹಿಡಿಯಲೇ?

ಪ್ರಶ್ನೆ:
ಔಷಧಿ ಸಗಟು ವ್ಯಾಪಾರದ ಗೋದಾಮು ನೋಡಿಕೊಳ್ಳುತ್ತೇನೆ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಕೇಳಿದ ಅಂಗಡಿಗಳಿಗೆ ಒಬ್ಬನೇ ಹುಡುಗ ಈ ತಿಂಗಳು ಮೂರು ಸಲ 1000 ಮಿಲಿಗ್ರಾಂನದ್ದು ಕಳುಹಿಸಿದ್ದಾನೆ. ಮಾಲೀಕರು ಸಂಬಳ ಹಿಡಿಯಿರಿ ಎನ್ನುತ್ತಾರೆ. ನನಗೂ ಸಿಟ್ಟಿದೆ. ಆದರೆ ಹುಡುಗ ಸೋಮಾರಿಯಲ್ಲ.

ಉತ್ತರ 1:
ಸಂಬಳ ಹಿಡಿದರೆ ಮುಂದಿನ ತಪ್ಪನ್ನು ಮುಚ್ಚಿಡುತ್ತಾನೆ, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಬಿ-17 ವಿಮಾನ ಇಳಿಸಿದ ಪೈಲಟ್‌ಗಳು ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚುಪಟ್ಟಿ) ಮಡಚುವ ಬದಲು ಚಕ್ರಗಳನ್ನೇ ಒಳಗೆಳೆದುಬಿಡುತ್ತಿದ್ದರು. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಹೋಗಿ ನೋಡಿದರೆ ಎರಡೂ ಸ್ವಿಚ್ಚುಗಳು ಅಕ್ಕಪಕ್ಕ, ಅವಳಿ ಜವಳಿ! ಚಕ್ರದ್ದಕ್ಕೆ ಚಕ್ರದಾಕಾರದ ಹಿಡಿ, ಫ್ಲ್ಯಾಪ್‌ಗೆ ರೆಕ್ಕೆಯಾಕಾರದ್ದು ಎಂದು ಪರಿಹಾರ ಕೊಟ್ಟರು. ನೀವೂ ಒಮ್ಮೆ ಆ ಕಪಾಟಿನ ಮುಂದೆ ನಿಂತು ನೋಡಿ, ಅವನು ತೆಗೆಯುವ ಹೊತ್ತಿಗೇ.

ಉತ್ತರ 2:
ಎಲ್ಲವನ್ನೂ ಕಪಾಟಿನ ತಲೆಗೆ ಕಟ್ಟಬೇಡಿ. ಮಿಕ್ಕವರೂ ಅಲ್ಲಿಂದಲೇ ತೆಗೆಯುತ್ತಾರಲ್ಲವೇ?

ಪ್ರಶ್ನೆ ಕೇಳಿದವರು:
ನಿಂತು ನೋಡಿದೆ. ಮಿಕ್ಕವರದು ಬೆಳಗಿನ ಪಾಳಿ. ಇವನದು ಸಂಜೆ, ಹೊರಗೆ ವ್ಯಾನಿನವನು ಹಾರ್ನ್ ಒತ್ತುತ್ತಲೇ ಇರುತ್ತಾನೆ. ಎರಡೂ ಪೆಟ್ಟಿಗೆಗೆ ಅದೇ ನೀಲಿ ಪಟ್ಟಿ, ಅಂಕಿ ಕಿರುಬೆರಳಿನ ಉಗುರಿನಷ್ಟು. ಮೊಬೈಲ್ ಬೆಳಕು ಹಿಡಿದು ಓದಿದೆ, ಏಕೆಂದರೆ ಮೇಲಿನ ಟ್ಯೂಬ್‌ಲೈಟ್ ಕೆಟ್ಟು ಎರಡು ತಿಂಗಳಾಗಿದೆ. 1000 ಅನ್ನು ಎದುರಿನ ಸಾಲಿಗೆ ಸಾಗಿಸಿ, ಕೆಂಪು ಚೀಟಿ ಅಂಟಿಸಿದ್ದೇನೆ. ಇನ್ನೊಂದು ಮಾತು, ಹೇಳಲು ನಾಚಿಕೆ: ಟ್ಯೂಬ್‌ಲೈಟ್ ಬದಲಾಯಿಸಿ ಎಂದು ಆ ಹುಡುಗನೇ ಬರೆದುಕೊಟ್ಟಿದ್ದ. ಕಾಗದ ನನ್ನ ಮೇಜಿನ ಡ್ರಾಯರ್‌ನಲ್ಲೇ ಇತ್ತು.