ಇಂಟರ್‌ವ್ಯೂನಲ್ಲಿ "ಡೇಟಾಬೇಸ್ ಸ್ಲೋ ಆಗಿದೆ, ಏನು ಮಾಡುತ್ತೀರಿ?" ಅಂದರೆ ಏನು ಹೇಳಬೇಕು?

ಪ್ರಶ್ನೆ: ಹುಬ್ಬಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಪ್ರೊಡಕ್ಷನ್ ಸಪೋರ್ಟ್‌ನಲ್ಲಿದ್ದೇನೆ. ಈಗ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವ) ಕೆಲಸಕ್ಕೆ ಬೆಂಗಳೂರಿನಲ್ಲಿ ಇಂಟರ್‌ವ್ಯೂ ಕೊಡುತ್ತಿದ್ದೇನೆ. ಕಳೆದ ವಾರ ಒಂದು ಕಡೆ ಕೇಳಿದರು: "ನಿನ್ನೆವರೆಗೆ 2 ಸೆಕೆಂಡಿಗೆ ಬರುತ್ತಿದ್ದ ರಿಪೋರ್ಟ್ ಇವತ್ತು 2 ನಿಮಿಷ ತೆಗೆದುಕೊಳ್ಳುತ್ತಿದೆ. ಏನು ಮಾಡುತ್ತೀರಿ?" ನಾನು ತಕ್ಷಣ "ಇಂಡೆಕ್ಸ್ ಹಾಕುತ್ತೇನೆ" ಅಂದೆ, ಪುಸ್ತಕದ ಹಿಂದಿನ ಪದಸೂಚಿಯ ಹಾಗೆ ಬೇಗ ಹುಡುಕಲು. "ಆಮೇಲೆ?" ಅಂದರು. "ಸರ್ವರ್‌ಗೆ ಮೆಮೊರಿ ಜಾಸ್ತಿ ಮಾಡಿಸುತ್ತೇನೆ" ಅಂದೆ. ಅವರು ಏನೋ ಬರೆದುಕೊಂಡರು. "ತಿಳಿಸುತ್ತೇವೆ" ಅಂದರು. ಇನ್ನೂ ತಿಳಿಸಿಲ್ಲ.

ಇಂಟರ್‌ನೆಟ್‌ನಲ್ಲಿ ಸಿಕ್ಕ ಪ್ರಶ್ನೆ-ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಇಂಡೆಕ್ಸ್‌ನಲ್ಲಿ ಎಷ್ಟು ಬಗೆ ಅಂದರೆ ಗಿಳಿಪಾಠ ಒಪ್ಪಿಸುತ್ತೇನೆ. ಹೀಗೆ ಸನ್ನಿವೇಶ ಕೊಟ್ಟು ಕೇಳಿದರೆ ತಲೆ ಖಾಲಿ. ಓದಿದ್ದು ಕನ್ನಡ ಮೀಡಿಯಂ. ಯೋಚಿಸಿದ್ದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಮುಂದಿನ ಗುರುವಾರ ಇನ್ನೊಂದು ಇದೆ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೆಲಸ. ದಾರಿ ತೋರಿಸಿ.

ಉತ್ತರ: ರಾತ್ರಿ ಪಾಳಿ

ನಾನು 14 ವರ್ಷದಿಂದ ಡಿಬಿಎ. ಈಗ ಮೇಜಿನ ಆ ಕಡೆ ಕೂತು ಇದೇ ಪ್ರಶ್ನೆ ಕೇಳುತ್ತೇನೆ. ಹತ್ತರಲ್ಲಿ ಏಳು ಜನ ನಿಮ್ಮ ಹಾಗೇ ಇಂಡೆಕ್ಸ್ ಅನ್ನುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಆದರೆ ನೋಡಿ, ನಿನ್ನೆಯೂ ಆ ಇಂಡೆಕ್ಸ್ ಇರಲಿಲ್ಲ ಅಲ್ವಾ? ಆಗ 2 ಸೆಕೆಂಡಿಗೆ ಹೇಗೆ ಬಂತು? ಅವರು ಕೇಳಿದ್ದು ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಅಂತ. ಅದಕ್ಕೆ ಮೊದಲು ನೀವೇ ಅವರನ್ನು ಕೇಳಬೇಕು. ಈ ಒಂದು ರಿಪೋರ್ಟ್ ಮಾತ್ರ ಸ್ಲೋ ಆಗಿದೆಯಾ, ಎಲ್ಲವೂನಾ? ಎಷ್ಟು ಗಂಟೆಯಿಂದ? ರಾತ್ರಿ ಹೊಸ ಕೋಡ್ ಹೋಯಿತಾ, ದೊಡ್ಡ ಡೇಟಾ ಲೋಡ್ ಆಯಿತಾ? ಇಷ್ಟು ಕೇಳಿದವರ ಹೆಸರಿನ ಮುಂದೆ ನಾನು ಆಗಲೇ ಅರ್ಧ ಟಿಕ್ ಹಾಕಿರುತ್ತೇನೆ.

ಆಮೇಲೆ ಒಂದೇ ಮಾತು. ಆ ರಿಪೋರ್ಟಿನ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಕೆಲಸ ಮಾಡುತ್ತಿದೆಯಾ, ಕಾಯುತ್ತಿದೆಯಾ? ದರ್ಶಿನಿಯಲ್ಲಿ ದೋಸೆ ತಡವಾದರೆ ಕಾವಲಿ ಚಿಕ್ಕದು ಅಂತ ಯಾರೂ ಬೈಯುವುದಿಲ್ಲ. ಮುಂದೆ ನಿಂತವನು 20 ಪಾರ್ಸಲ್ ಹೇಳಿದ್ದಾನಾ ಅಂತ ಕತ್ತು ಉದ್ದ ಮಾಡಿ ನೋಡುತ್ತೇವೆ. ಪೋಸ್ಟ್‌ಗ್ರೆಸ್‌ನಲ್ಲಿ ಹಾಗೆ ಕತ್ತು ಉದ್ದ ಮಾಡುವ ಜಾಗ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ, ಈಗ ಯಾರು ಏನು ಮಾಡುತ್ತಿದ್ದಾರೆ ಅಂತ ತೋರಿಸುವ ಪಟ್ಟಿ. ಅದರಲ್ಲಿ ಸ್ಟೇಟ್ ಕಾಲಮ್, ವೇಯ್ಟ್ ಈವೆಂಟ್ ಟೈಪ್ ಕಾಲಮ್ ನೋಡಿ. ಲಾಕ್ ಅಂತ ಇದ್ದರೆ ಇನ್ನೊಬ್ಬರಿಗಾಗಿ ಕಾಯುತ್ತಿದೆ. ಐಒ ಅಂತಿದ್ದರೆ ಡಿಸ್ಕಿಗಾಗಿ. ಸ್ಟೇಟ್ ಆಕ್ಟಿವ್ ಇದ್ದು ವೇಯ್ಟ್ ಖಾಲಿ ಇದ್ದರೆ ಸಾಮಾನ್ಯವಾಗಿ ಬೆವರು ಸುರಿಸಿ ದುಡಿಯುತ್ತಿದೆ ಅಂತ.

ಇದನ್ನು ನಾನು ಕಲಿತಿದ್ದು ಬೈಸಿಕೊಂಡು. ಹಳೇ ಕಂಪನಿಯಲ್ಲಿ ತಿಂಗಳ ಕೊನೆಯ ರಾತ್ರಿ, ಸಂಬಳದ ಲೆಕ್ಕ ನಡೆಯುತ್ತಿತ್ತು. ಎಂಟೂವರೆಗೆ ಎಲ್ಲ ಸ್ಕ್ರೀನೂ ಸುಮ್ನೆ ಸುತ್ತತೊಡಗಿದವು. ನಾನೂ ನಿಮ್ಮ ಹಾಗೇ ಇಂಡೆಕ್ಸ್ ಹಾಕಲು ಹೋದೆ. ಅದೂ ಮುಗಿಯಲಿಲ್ಲ. ಹತ್ತು ನಿಮಿಷ ಕೂತು ನೋಡಿದೆ. ಸಿಪಿಯು 5 ಪರ್ಸೆಂಟ್! ನೂರಾರು ಜನ ಒದ್ದಾಡುತ್ತಿದ್ದಾರೆ, ಮಷೀನು ತಣ್ಣಗೆ ಕೂತಿದೆ. ಆಗ ತಲೆಗೆ ಹೊಳೆಯಿತು, ಎಲ್ಲರೂ ಯಾರಿಗೋ ಕಾಯುತ್ತಿದ್ದಾರೆ ಅಂತ.

ಯಾರು ಯಾರನ್ನು ತಡೆದಿದ್ದಾರೆ ಅಂತ ಹೇಳುವ ಪಿಜಿ_ಬ್ಲಾಕಿಂಗ್_ಪಿಡ್ಸ್ ಹಾಕಿ ಬಾಲ ಹಿಡಿದು ಹೋದೆ. ಎಲ್ಲ ಕ್ವೆರಿಗಳೂ ಡಿಪ್ಲಾಯ್‌ಮೆಂಟಿನ, ಟೇಬಲ್ ರಚನೆ ಬದಲಿಸುವ, ಒಂದು ಆಲ್ಟರ್ ಟೇಬಲ್‌ಗೆ ಕಾಯುತ್ತಿದ್ದವು. ಆ ಆಲ್ಟರ್ ಮತ್ತೊಂದು ಸೆಷನ್‌ಗೆ ಕಾಯುತ್ತಿತ್ತು. ಆ ಸೆಷನ್ ಯಾರದ್ದು? ಮಧ್ಯಾಹ್ನ ಮೂರು ಗಂಟೆಗೆ ಬಿಗಿನ್ ಅಂತ ಹೊಡೆದು ಟ್ರಾನ್ಸಾಕ್ಷನ್ ಶುರುಮಾಡಿ, ಆ ಟೇಬಲ್ ಮೇಲೆ ಒಂದು ಸೆಲೆಕ್ಟ್ ಮಾಡಿ, ಕಮಿಟ್ ಮಾಡಿ ಮುಗಿಸದೆ ಮನೆಗೆ ಹೋದ ನಮ್ಮದೇ ಟೀಮಿನ ಒಬ್ಬ ಪುಣ್ಯಾತ್ಮನದು. ಸ್ಟೇಟ್ ಏನಿತ್ತು ಗೊತ್ತಾ? ಐಡಲ್ ಇನ್ ಟ್ರಾನ್ಸಾಕ್ಷನ್, ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತಿದೆ. ಬರೀ ಸೆಲೆಕ್ಟ್ ಆದರೂ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಟೇಬಲ್ ಮೇಲಿನ ಸಣ್ಣ ಲಾಕು ಬಿಡುವುದಿಲ್ಲ. ಆಲ್ಟರ್‌ಗೆ ಪೂರ್ತಿ ಲಾಕು ಬೇಕು. ಅದು ಸಾಲಿನಲ್ಲಿ ನಿಂತ ಮೇಲೆ ಹಿಂದೆ ಬಂದ ಸೆಲೆಕ್ಟ್‌ಗಳೂ ಅದರ ಹಿಂದೆಯೇ ನಿಲ್ಲಬೇಕು. ನನ್ನ ಕ್ರಿಯೇಟ್ ಇಂಡೆಕ್ಸ್ ಕೂಡ ಅದೇ ಸಾಲಿಗೆ ಹೋಗಿ ನಿಂತಿತ್ತು! ಆ ಸೆಷನ್ ಕೊಂದೆ, ಅರ್ಧ ನಿಮಿಷದಲ್ಲಿ ಎಲ್ಲ ಹರಿಯಿತು. ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಆಗಿದ್ದು ಬೇರೆ ಕತೆ. ಈ ಕತೆಯನ್ನು ಆಮೇಲೆ ಎರಡು ಇಂಟರ್‌ವ್ಯೂಗಳಲ್ಲಿ ಹೇಳಿದ್ದೇನೆ, ಎರಡೂ ಕಡೆ ಆಫರ್ ಬಂತು. ನಾಲ್ಕು ವರ್ಷದಲ್ಲಿ ನಿಮಗೂ ಇಂಥದ್ದೊಂದು ರಾತ್ರಿ ಬಂದೇ ಇರುತ್ತದೆ, ನೆನಪು ಮಾಡಿಕೊಳ್ಳಿ.

ಕ್ವೆರಿ ನಿಜವಾಗಿಯೂ ದುಡಿಯುತ್ತಿದ್ದರೆ ಎಕ್ಸ್‌ಪ್ಲೇನ್ ಅನಲೈಜ್, ಅಂದರೆ ಕ್ವೆರಿ ಓಡಿಸಿ ಹೆಜ್ಜೆ ಹೆಜ್ಜೆಗೆ ಏನಾಯಿತು ಅಂತ ತೋರಿಸುವ ಆದೇಶ. ಅಲ್ಲಿ ಎಲ್ಲರೂ ಟೈಮ್ ನೋಡುತ್ತಾರೆ. ನೀವು ಅಂದಾಜಿನ ಸಾಲುಗಳು ಎಷ್ಟು, ನಿಜಕ್ಕೂ ಬಂದಿದ್ದು ಎಷ್ಟು ಅಂತ ನೋಡಿ. 1 ಅಂತ ಅಂದಾಜು ಮಾಡಿ 40,000 ಬಂದಿದ್ದರೆ ಕ್ವೆರಿಗೆ ದಾರಿ ಆರಿಸುವ ಪ್ಲಾನರ್ ಹೆಚ್ಚಾಗಿ ಹಳೇ ಲೆಕ್ಕ ನಂಬಿಕೊಂಡು ನೆಸ್ಟೆಡ್ ಲೂಪ್ (ಒಂದೊಂದು ಸಾಲಿಗೂ ಇನ್ನೊಂದು ಟೇಬಲ್ ಹುಡುಕುವ ದಾರಿ) ಹಿಡಿದಿರುತ್ತದೆ. ಆ ಲೆಕ್ಕ ಹೊಸದು ಮಾಡುವ ಆಟೋ ಅನಲೈಜ್ ತಾನಾಗಿ ಓಡಲು ಡಿಫಾಲ್ಟ್ ಆಗಿ ಟೇಬಲ್ಲಿನ 10 ಪರ್ಸೆಂಟ್ ಸಾಲು, ಮೇಲೆ 50, ಬದಲಾಗಬೇಕು. ಒಂದು ಕೋಟಿ ಸಾಲಿನ ಟೇಬಲ್ ಅಂದರೆ 10 ಲಕ್ಷ. ರಾತ್ರಿ 3 ಲಕ್ಷ ಲೋಡ್ ಆಗಿದ್ದರೆ ಅದು ಎದ್ದೇ ಇರುವುದಿಲ್ಲ. ನಿಮ್ಮ 2 ನಿಮಿಷದ ರಿಪೋರ್ಟಿಗೆ ಇದೇ ಕಾರಣ ಇರಬಹುದು. ಕೈಯಿಂದ ಒಂದು ಅನಲೈಜ್ ಹೊಡೆದರೆ ಸಾಕು.

ಬೀಳುವ ಒಂದು ಗುಂಡಿ ಹೇಳಿಬಿಡುತ್ತೇನೆ. "ಸ್ಲೋ ಆಗಿರುವ ಡಿಲೀಟ್‌ಗೆ ಎಕ್ಸ್‌ಪ್ಲೇನ್ ಅನಲೈಜ್ ಹಾಕುತ್ತೀರಾ?" ಅಂತ ನಾನು ಬೇಕಂತಲೇ ಕೇಳುತ್ತೇನೆ. ಅನಲೈಜ್ ಹಾಕಿದರೆ ಡಿಲೀಟ್ ನಿಜವಾಗಿಯೂ ಓಡುತ್ತದೆ. ಬಿಗಿನ್, ಆಮೇಲೆ ಮಾಡಿದ್ದನ್ನು ರದ್ದು ಮಾಡುವ ರೋಲ್‌ಬ್ಯಾಕ್, ಇವೆರಡರ ನಡುವೆ ಹಾಕುತ್ತೇನೆ, ಅದೂ ಟೆಸ್ಟ್ ಸರ್ವರ್‌ನಲ್ಲಿ ಅನ್ನಿ.

ಇಂಗ್ಲಿಷ್ ಬಗ್ಗೆ: ತಪ್ಪು ವ್ಯಾಕರಣಕ್ಕೆ ನಾನು ಯಾರನ್ನೂ ಕೈಬಿಟ್ಟಿಲ್ಲ. ಬಾಯಿ ಮುಚ್ಚಿ ಕೂತವರನ್ನು ಕೈಬಿಟ್ಟಿದ್ದೇನೆ, ಅವರ ತಲೆಯಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? "ಮೊದಲು ಇದು ನೋಡುತ್ತೇನೆ, ಹೀಗಿದ್ದರೆ ಆ ಕಡೆ ಹೋಗುತ್ತೇನೆ" ಅಂತ ತುಂಡು ತುಂಡು ಮಾತಿನಲ್ಲೇ ಹೇಳಿ.

ಉತ್ತರ: ಫಿಲ್ಟರ್ ಕಾಫಿ

ರಾತ್ರಿ ಪಾಳಿಯವರು ಎಲ್ಲ ಹೇಳಿದ್ದಾರೆ. ಮೈಎಸ್‌ಕ್ಯುಎಲ್ ಕೇಳಿದರೆ ಅಂತ ನನ್ನದೊಂದು ಸೇರಿಸುತ್ತೇನೆ. ನಮ್ಮಲ್ಲಿ ಮೊಬೈಲ್ ನಂಬರ್ ಕಾಲಮ್ ವಾರ್‌ಚಾರ್, ಅಂದರೆ ಅಕ್ಷರದ್ದು. ಇಂಡೆಕ್ಸ್ ಇತ್ತು. ಒಂದು ಸೋಮವಾರ ಲಾಗಿನ್ ಕುಂಟತೊಡಗಿತು. ನೋಡಿದರೆ ಹೊಸ ಕೋಡ್ ಕೋಟ್ ಇಲ್ಲದೆ ಬರೀ ಸಂಖ್ಯೆ ಕಳಿಸುತ್ತಿತ್ತು. ಅಕ್ಷರದ ಕಾಲಮ್ಮನ್ನು ಸಂಖ್ಯೆಗೆ ಹೋಲಿಸಿದರೆ ಮೈಎಸ್‌ಕ್ಯುಎಲ್ ಆ ಇಂಡೆಕ್ಸ್ ಬಳಸುವುದಿಲ್ಲ, ಇಡೀ ಟೇಬಲ್ ಓದುತ್ತದೆ. ಎರಡು ಕೋಟ್ ಚಿಹ್ನೆಗೆ ನನ್ನ ಇಡೀ ದಿನ ಹೋಯಿತು!

ನಿಧಾನದ ಕ್ವೆರಿ ಬರೆದಿಡುವ ಸ್ಲೋ ಲಾಗ್ ಇದರಲ್ಲಿ ಡಿಫಾಲ್ಟ್ ಆಗಿ ಆಫ್ ಇರುತ್ತದೆ, ಆನ್ ಮಾಡಿದರೂ ಮಿತಿ 10 ಸೆಕೆಂಡ್. 3 ಸೆಕೆಂಡಿನ ಕ್ವೆರಿ ದಿನಕ್ಕೆ ಸಾವಿರ ಸಲ ಓಡಿದರೂ ಅಲ್ಲಿ ಕಾಣುವುದಿಲ್ಲ. ಇದನ್ನೂ ಕೇಳುತ್ತಾರೆ.

ಉತ್ತರ: ಹಳೇ ಒರಾಕಲ್

ಒಂದು ತಕರಾರು. ಬಾಯಿಪಾಠವನ್ನು ಪೂರ್ತಿ ಬಿಡಬೇಡಿ. ಮೊದಲ ಸುತ್ತಿನಲ್ಲಿ ಎಷ್ಟೋ ಕಡೆ ಪಟ್ಟಿ ಇಟ್ಟುಕೊಂಡೇ ಕೇಳುತ್ತಾರೆ. ಅದನ್ನು ದಾಟಿದರೆ ತಾನೇ ರಾತ್ರಿ ಪಾಳಿಯಂಥವರ ಎದುರು ಕೂರುವುದು?

ಮುಂದೆ ಯಾವಾಗಾದರೂ ಒರಾಕಲ್ ಕಡೆ ಹೋದರೆ ಒಂದು ನೆನಪಿಡಿ. "ಡಿಬಿ ಫೈಲ್ ಸೀಕ್ವೆನ್ಷಿಯಲ್ ರೀಡ್" ಅಂತ ವೇಯ್ಟ್ ಕಂಡರೆ ಹೆಸರು ನೋಡಿ ಫುಲ್ ಸ್ಕ್ಯಾನ್ (ಇಡೀ ಟೇಬಲ್ ಓದುವುದು) ಅನ್ನುತ್ತಾರೆ. ಉಲ್ಟಾ. ಅದು ಒಂದೊಂದೇ ಬ್ಲಾಕ್ ಓದುವುದು, ಹೆಚ್ಚಾಗಿ ಇಂಡೆಕ್ಸ್ ಮೂಲಕ. ಫುಲ್ ಸ್ಕ್ಯಾನ್ ಸಾಮಾನ್ಯವಾಗಿ ಕಾಣುವುದು "ಸ್ಕ್ಯಾಟರ್ಡ್ ರೀಡ್" ಹೆಸರಿನಲ್ಲಿ. ಎಡಬ್ಲ್ಯುಆರ್ (ಡೇಟಾಬೇಸಿನ ಕೆಲಸದ ದಾಖಲೆ) ರಿಪೋರ್ಟ್ ತೆಗೆಯುತ್ತೇನೆ ಅನ್ನುವ ಮೊದಲು ಡಯಾಗ್ನಾಸ್ಟಿಕ್ಸ್ ಪ್ಯಾಕ್ ಲೈಸೆನ್ಸ್ ಇದೆಯಾ ಅಂತಲೂ ಕೇಳಿ. ಅದು ಬೇರೆ ದುಡ್ಡು.

ಹುಬ್ಬಳ್ಳಿ ಹುಡುಗ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಜನರೇಟ್_ಸೀರೀಸ್ ಹಾಕಿ 20 ಲಕ್ಷ ಸಾಲಿನ ಟೇಬಲ್ ಮಾಡಿದೆ. ಮೂರು ವಿಂಡೋ ತೆರೆದೆ. ಒಂದರಲ್ಲಿ ಬಿಗಿನ್ ಮತ್ತು ಸೆಲೆಕ್ಟ್, ಎರಡನೆಯದರಲ್ಲಿ ಆಲ್ಟರ್, ಮೂರನೆಯದರಲ್ಲಿ ಮತ್ತೆ ಸೆಲೆಕ್ಟ್. ರಾತ್ರಿ ಪಾಳಿ ಸರ್, ಮೂರನೆಯದು ನಿಂತೇ ಬಿಟ್ಟಿತು! ಒಂದೇ ಸಾಲು ಕೇಳಿದ್ದೆ, ಆದರೂ ನಿಂತಿತು. ಅಮ್ಮ ಬಂದು "ಯಾಕೋ ಒಬ್ಬನೇ ನಗುತ್ತಿದ್ದೀಯಾ" ಅಂದರು.

ನನ್ನ ರಾತ್ರಿಯೂ ನೆನಪಾಯಿತು. ಎರಡು ವರ್ಷದ ಹಿಂದೆ ಡಿಸ್ಕ್ ತುಂಬಿದ್ದು. ಅದನ್ನು ಇಂಗ್ಲಿಷಿನಲ್ಲಿ ಫೋನಿಗೆ ರೆಕಾರ್ಡ್ ಮಾಡಿ ಕೇಳುತ್ತಿದ್ದೇನೆ. ನಾಲ್ಕು ನಿಮಿಷ ಬರುತ್ತಿದೆ, ಎರಡಕ್ಕೆ ಇಳಿಸಬೇಕು.

ರಾತ್ರಿ ಪಾಳಿ

ಭೇಷ್. ಮೊದಲನೇ ವಿಂಡೋದಲ್ಲಿ ಕಮಿಟ್ ಮಾಡಿ ಮಲಗಿದಿರಾ?

ಹುಬ್ಬಳ್ಳಿ ಹುಡುಗ

ಇಲ್ಲ ಸರ್. ಈಗ ಮಾಡಿದೆ.