‘ಸರ್ಜನ್ ಫಿಶ್’ಗೆ ಕನ್ನಡದಲ್ಲಿ ಏನೆನ್ನೋಣ?

ಹವಳದ ದಿಬ್ಬಗಳ ಮೀನುಗಳ ಬಗ್ಗೆ ಬರೆಯುತ್ತಿದ್ದೇನೆ. ‘ಸರ್ಜನ್ ಫಿಶ್’ ಎಂಬಲ್ಲಿ ತಡೆದಿದ್ದೇನೆ. ‘ಶಸ್ತ್ರಚಿಕಿತ್ಸಕ ಮೀನು’ ಎಂದರೆ, ಅದು ಯಾರಿಗೋ ಚಿಕಿತ್ಸೆ ಮಾಡುತ್ತದೆ ಎಂದು ಓದುಗರು ತಿಳಿಯುತ್ತಾರೆ. ಇತರ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವ ‘ಕ್ಲೀನರ್ ರಾಸ್’ ಬೇರೆಯೇ ಇದೆ. ವೈದ್ಯ ಎಂಬ ಬಿರುದು ಸಲ್ಲಬೇಕಾದದ್ದು ಅದಕ್ಕೆ. ನಮ್ಮ ಮೀನಿಗೆ ಗೊತ್ತಿರುವುದು ಕೊಯ್ಯುವುದಷ್ಟೇ. ಸರ್ಜನ್ ಫಿಶ್‌ಗಳ ಪೈಕಿ ಅಕ್ಯಾಂಥುರಸ್ ಕುಲದವುಗಳಲ್ಲಿ ಬಾಲದ ಬುಡದ ಎರಡೂ ಬದಿಗೆ ಒಂದೊಂದು ಹರಿತವಾದ ಮುಳ್ಳು ತೋಡಿನೊಳಗೆ ಮಡಚಿಕೊಂಡಿರುತ್ತದೆ. ಬಾಲ ಬೀಸಿದಾಗ ಅದು ಹೊರಚಾಚುತ್ತದೆ. ಕೈಹಾಕಿದ ಮುಳುಗುಗಾರರ ಬೆರಳು ಸೀಳೀತು.

ಕುಲನಾಮ ಬಂದಿರುವುದು ಮುಳ್ಳು, ಬಾಲ ಎಂಬ ಅರ್ಥದ ಗ್ರೀಕ್ ಪದಗಳಿಂದ. ‘ಮುಳ್ಳುಬಾಲ’ ಎನ್ನಬಹುದಿತ್ತು, ಆದರೆ ತೊರಕೆ ಮೀನಿನ (ಸ್ಟಿಂಗ್ ರೇ) ಬಾಲದಲ್ಲೂ ಮುಳ್ಳಿದೆ. ಹಾಗಾಗಿ ನನ್ನ ಒಲವು ‘ಚೂರಿಬಾಲ’ದ ಕಡೆಗೆ. ಚೂರಿ ಹಿಡಿದ ಬಾಲಕ ಎಂದು ಯಾರಾದರೂ ಓದಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ಈ ಕುಟುಂಬದ ‘ಕನ್ವಿಕ್ಟ್ ಟ್ಯಾಂಗ್’ ಇನ್ನೊಂದು ತೊಡಕು. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ವರ್ಣಿಸಿದ ಅಕ್ಯಾಂಥುರಸ್ ಟ್ರಯೋಸ್ಟೆಗಸ್ ಇದು, ಹವಾಯಿಯವರಿಗೆ ‘ಮನಿನಿ’. ಮಾಸಲು ಬಿಳುಪಿನ ಮೈಮೇಲೆ ಮೇಲಿನಿಂದ ಕೆಳಕ್ಕೆ ತೆಳ್ಳಗಿನ ಕಪ್ಪು ಪಟ್ಟೆಗಳು, ಹಳೆಯ ಕಾಲದ ಕೈದಿಯ ಅಂಗಿಯಂತೆ. ‘ಅಡ್ಡಪಟ್ಟೆ ಚೂರಿಬಾಲ’ ಎಂದರೆ ಗೊಂದಲ: ಮೀನಿನ ಮೈಗೆ ಅಡ್ಡವಾದದ್ದು ನೋಡುವವರ ಕಣ್ಣಿಗೆ ನೆಟ್ಟಗಿರುತ್ತದೆ. ಇದೇ ಕುಲದ ಅಕ್ಯಾಂಥುರಸ್ ಲಿನಿಯೇಟಸ್ ಎಂಬ ಇನ್ನೊಂದು ಮೀನಿಗೆ ತಲೆಯಿಂದ ಬಾಲದತ್ತ ಹರಿಯುವ ನೀಲಿ ಗೆರೆಗಳಿವೆ, ಎರಡನ್ನೂ ಬೇರ್ಪಡಿಸಲೇಬೇಕು. ‘ಕೈದಿ ಚೂರಿಬಾಲ’ವೇ ವಾಸಿ ಅನ್ನಿಸುತ್ತದೆ.

ಇನ್ನು ಕ್ರಿಯಾಪದ. ಈ ಮೀನು ಪಾಚಿಯನ್ನು ‘ತಿನ್ನುತ್ತದೆ’ ಎಂದರೆ ಸಪ್ಪೆ; ಬಂಡೆಯ ಮೇಲಿನ ಪಾಚಿಯನ್ನು ಕಚ್ಚುತ್ತಾ ಮುಂದೆ ಸಾಗುವುದಕ್ಕೆ ‘ಮೇಯು’ ಹೇಳಿಮಾಡಿಸಿದ ಮಾತು. ಕೆಲವು ಡ್ಯಾಮ್ಸೆಲ್ ಮೀನುಗಳು ತಮ್ಮ ಪಾಚಿಯ ತುಣುಕನ್ನು ಕಾವಲು ಕಾಯುತ್ತವೆ, ಒಂಟಿಯಾಗಿ ಬಂದವರನ್ನು ಅಟ್ಟುತ್ತವೆ. ಕೈದಿಗಳು ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ಎರಗಿದಾಗ ಆ ಕಾವಲುಗಾರ ಯಾರನ್ನೆಂದು ಓಡಿಸೀತು? ಒಂದನ್ನು ಬೆನ್ನಟ್ಟುವಷ್ಟರಲ್ಲಿ ಉಳಿದವು ಮೇದು ಮುಗಿಸುತ್ತವೆ.

ಈ ಗುಂಪನ್ನು ‘ಹಿಂಡು’ ಎನ್ನುವುದೋ, ‘ಮಂದೆ’ ಎನ್ನುವುದೋ? ಮೇಯುವುದಕ್ಕೆ ಮಂದೆ ಒಪ್ಪುತ್ತದೆ, ಆದರೆ ಮಂದೆಯೆಂದರೆ ಹಿಂದೊಬ್ಬ ಕಾಯುವವನಿರಬೇಕು ಎಂಬ ಧ್ವನಿಯೂ ಇದೆ. ಕಡಲಿನ ಒಡನಾಟವಿರುವವರ ಬಳಕೆಯಲ್ಲಿ ಮೀನುಗಳ ಗುಂಪಿಗೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.